ಹೆಸರುಗಳು ತುಕ್ಕಾಗುವ ಮೊದಲು: ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ಕನ್ನಡ ಕೂಟಗಳ ಪದಾಧಿಕಾರಿಗಳಿಗೂ ಎಲ್ಲ ಸದಸ್ಯ ಬಂಧುಗಳಿಗೂ ನಮಸ್ಕಾರಗಳು. ನಮ್ಮ ಸುತ್ತಲಿನ ಪಾಳು ಸ್ಮಶಾನಗಳಲ್ಲಿ ಅಳಿಯುತ್ತಿರುವ ಹೆಸರುಗಳನ್ನು ದಾಖಲಿಸಲು ಕೈಜೋಡಿಸಿ ಎಂದು ಕೇಳುವುದಕ್ಕೆ ಈ ಪತ್ರ.

ನನ್ನ ತಂದೆ ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಕೊನೆಯ ಆರು ವರ್ಷ ನಮ್ಮ ಜೊತೆ ಉತ್ತರ ಡಕೋಟದ ಫಾರ್ಗೋದಲ್ಲಿದ್ದು, ಒಂದು ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ಲಿಂಗಾಯತರು. ದೇಹವನ್ನು ಸುಡುವುದಿಲ್ಲ, ಮಣ್ಣಿಗೆ ಒಪ್ಪಿಸುತ್ತೇವೆ. ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮೇ ತಿಂಗಳವರೆಗೆ ಕಾಯಬೇಕಾಗುತ್ತದೆ ಎಂದರು ಸ್ಮಶಾನದವರು. ಊರಿನಲ್ಲಿ ಹೊತ್ತು ಮುಳುಗುವುದರೊಳಗೆ ಮುಗಿಯುವ ಕೆಲಸಕ್ಕೆ ನಾವು ಎಂಬತ್ತು ದಿನ ಕಾದೆವು. ಕುಳ್ಳಿರಿಸಿ ಸಮಾಧಿ ಮಾಡುವುದಕ್ಕೂ ಅಲ್ಲಿ ಅವಕಾಶವಾಗಲಿಲ್ಲ. ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಪೆಟ್ಟಿಗೆಯಲ್ಲಿ ಮಲಗಿಸಿ ಕಳುಹಿಸಿದೆವು.

ಕಲ್ಲಿನ ಮೇಲಿನ ಹೆಸರು ಕನ್ನಡದಲ್ಲಿಯೇ ಇರಬೇಕೆಂದು ಅವ್ವ ಹಟ ಹಿಡಿದಳು. ಕೆತ್ತುವವನಿಗೆ ಅಕ್ಷರಗಳ ಚಿತ್ರ ಕಳುಹಿಸಿದೆ. ಅವನು ತೋರಿಸಿದ ಮೊದಲ ಮಾದರಿಯಲ್ಲಿ ಒತ್ತಕ್ಷರಗಳೇ ಇರಲಿಲ್ಲ. ಸಾಲಿನ ಕೆಳಗೆ ಇಳಿದ ಆ ಚೂರುಗಳನ್ನು ಅವನು ಚಿತ್ರದ ದೋಷವೆಂದು ತಿಳಿದು ಅಳಿಸಿಬಿಟ್ಟಿದ್ದ. ತಿದ್ದಿಸಿ ಸರಿಮಾಡಿಸಿದೆ. ಆದರೆ ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮತ್ತು ನನ್ನ ಹೆಂಡತಿ ಹೋದ ಮೇಲೆ ಆ ಕಲ್ಲನ್ನು ಇಲ್ಲಿ ಓದುವವರು ಯಾರು? ನನ್ನ ಮಗಳು ಕನ್ನಡ ಮಾತನಾಡುತ್ತಾಳೆ, ಓದುವುದಿಲ್ಲ. ಅವಳ ಮಕ್ಕಳು ಮಾತನಾಡುವರೆಂಬ ಭರವಸೆಯೂ ನನಗಿಲ್ಲ.

ಅದೇ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ರಾಜ್ಯದ ದಕ್ಷಿಣ ಭಾಗಕ್ಕೆ ಹೋಗಿದ್ದೆ. ಫಾರ್ಗೋದಿಂದ ಪಶ್ಚಿಮಕ್ಕೆ ಹೆದ್ದಾರಿಯಲ್ಲಿ ಹೋಗಿ, ನೆಪೋಲಿಯನ್ ಎಂಬ ಊರಿನ ಕಡೆ ದಕ್ಷಿಣಕ್ಕೆ ತಿರುಗಿದರೆ ಎಮನ್ಸ್ ಮತ್ತು ಮ್ಯಾಕಿಂಟಾಶ್ ಕೌಂಟಿಗಳು (ನಮ್ಮ ಜಿಲ್ಲೆಗಳಂತೆ) ಸಿಗುತ್ತವೆ. ಒಟ್ಟು ಮೂರು ಗಂಟೆಯ ದಾರಿ. ಮರಗಳಿಲ್ಲದ ಬಯಲು, ಕಪ್ಪು ನೆಲ. ಗದಗಿನ ಎರೆಭೂಮಿಯಲ್ಲಿ ಬೆಳೆದ ನನಗೆ ಆ ಬಯಲು ಅಪರಿಚಿತವೆನಿಸಲಿಲ್ಲ. ಗೋಧಿಯ ಹೊಲದ ನಡುವೆ, ತಂತಿಬೇಲಿಯೊಳಗೆ, ಸೊಂಟದೆತ್ತರದ ಹುಲ್ಲಿನಲ್ಲಿ ಕಬ್ಬಿಣದ ಶಿಲುಬೆಗಳ ಸಾಲು ಕಂಡು ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಚರ್ಚ್ ಇದ್ದುದಕ್ಕೆ ಅಡಿಪಾಯದ ಕಲ್ಲುಗಳು ಮತ್ತು ಎಲ್ಲಿಗೂ ಹೋಗದ ಮೂರು ಮೆಟ್ಟಿಲುಗಳು ಮಾತ್ರ ಸಾಕ್ಷಿ. ಆ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂತಹ ಶಿಲುಬೆಗಳಿಗೆ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಬೆಲೆಯಿದೆ, ಕಾಯುವವರಿಲ್ಲದ ಜಾಗದ ವಿಳಾಸವನ್ನು ಬಯಲಿಗಿಡುವುದು ತಪ್ಪು.

ಆ ಶಿಲುಬೆಗಳನ್ನು ನೀವು ನೋಡಬೇಕು. ಒಂದರಂತೆ ಇನ್ನೊಂದಿಲ್ಲ. ಒಂದರ ತೋಳುಗಳಿಂದ ಸೂರ್ಯಕಿರಣಗಳು ಹೊರಟಿವೆ, ಇನ್ನೊಂದರ ನಡುವೆ ಹೃದಯದ ಆಕಾರ, ಮತ್ತೊಂದರ ತುದಿಗಳಲ್ಲಿ ಬಳ್ಳಿಯಂತೆ ಸುರುಳಿ ಸುತ್ತಿದ ಪಟ್ಟಿಗಳು, ನಕ್ಷತ್ರಗಳು. ಯಾವುದೂ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದಲ್ಲ. ಅಲ್ಲಿನ ಕಮ್ಮಾರರು ಗಾಡಿ ಚಕ್ರದ ಹಳಿ, ಹಳೆಯ ಕೊಳವೆ, ಮುರಿದ ಸಲಕರಣೆ ಹೀಗೆ ಕೈಗೆ ಸಿಕ್ಕ ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಗ್ಗಿಸಿ ಮಾಡಿದ್ದು. ನಮ್ಮ ಊರಿನ ಕಮ್ಮಾರಸಾಲೆಯ ಮುಂದೆ ನಿಂತು ಬಂಡಿಗೆ ಹಳಿ ಕಟ್ಟುವುದನ್ನು ನೋಡುತ್ತಾ ಶಾಲೆಗೆ ತಡವಾಗಿ ಹೋಗಿ ಅಪ್ಪನಿಂದಲೇ ಏಟು ತಿಂದವನು ನಾನು. ಕೆಂಪಗೆ ಕಾದ ಹಳಿ ನೀರು ಬಿದ್ದೊಡನೆ ಚುರ್ರೆಂದು ಮರವನ್ನು ಅಪ್ಪಿಕೊಳ್ಳುವ ಆ ಕ್ಷಣ ಈಗಲೂ ಕಣ್ಣಿನಲ್ಲಿದೆ. ಅದೇ ಹಳಿಯನ್ನು ಬಿಚ್ಚಿ ಸುತ್ತಿ ಯಾರೋ ಒಬ್ಬ ಕಮ್ಮಾರ ನೆರೆಮನೆಯ ಹೆಂಗಸಿನ ಗೋರಿಗೆ ಹೂವು ಮಾಡಿದ್ದ.

ಈ ಜನ ಯಾರು? ಇಲ್ಲಿಯವರು ಅವರನ್ನು ರಷ್ಯಾದ ಜರ್ಮನರು ಎನ್ನುತ್ತಾರೆ. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ 1763ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ಪರದೇಶದ ರೈತರಿಗೆ ಭೂಮಿ ಕೊಡುವುದಾಗಿ ಕರೆದಳು. ಅವರ ಧರ್ಮಕ್ಕೆ ಅಡ್ಡಿಯಿಲ್ಲ, ಗಂಡುಮಕ್ಕಳನ್ನು ಸೈನ್ಯಕ್ಕೆ ಹಿಡಿಯುವುದಿಲ್ಲ ಎಂಬ ಮಾತು ಕೊಟ್ಟಳು. ಅವಳ ಮೊಮ್ಮಗ ಒಂದನೆಯ ಅಲೆಕ್ಸಾಂಡರ್ 1804ರಲ್ಲಿ ಕರಿಸಮುದ್ರದ ಉತ್ತರ ತೀರಕ್ಕೆ ಇದೇ ರೀತಿ ಜನರನ್ನು ಕರೆಸಿಕೊಂಡ. ಅಲ್ಸಾಸ್, ಬಾಡೆನ್, ಪಲಾಟಿನೇಟ್, ವ್ಯೂರ್ಟೆಂಬರ್ಗ್ ಎಂಬ ಜರ್ಮನ್ ಮಾತಿನ ಸೀಮೆಗಳಿಂದ, ನೆಪೋಲಿಯನ್ನನ ಯುದ್ಧಗಳಿಂದ ಬೇಸತ್ತ ಕುಟುಂಬಗಳು ಒಡೆಸ್ಸಾದ ಸುತ್ತಮುತ್ತ ಬಂದು ನೆಲೆಸಿದವು. ಬಿಟ್ಟುಬಂದ ಊರುಗಳ ಹೆಸರನ್ನೇ ಹೊಸ ಊರುಗಳಿಗೆ ಇಟ್ಟವು: ಸ್ಟ್ರಾಸ್‌ಬರ್ಗ್, ಸೆಲ್ಟ್ಸ್, ಕಾರ್ಲ್ಸ್‌ರೂಹೆ. ಮೂರು ತಲೆಮಾರು ಕಳೆಯಿತು. 1871ರಲ್ಲಿ ಎರಡನೆಯ ಅಲೆಕ್ಸಾಂಡರ್ ಅವರ ವಿಶೇಷ ಹಕ್ಕುಗಳನ್ನು ರದ್ದುಮಾಡಿದ. 1874ರಿಂದ ಸೈನ್ಯಸೇವೆ ಕಡ್ಡಾಯವಾಯಿತು. ಕೊಟ್ಟ ಮಾತು ಮುರಿದಾಗ ಅವರು ಮತ್ತೆ ಗಂಟುಮೂಟೆ ಕಟ್ಟಿದರು. ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಅಲ್ಪ ಶುಲ್ಕಕ್ಕೆ 160 ಎಕರೆ ಭೂಮಿ ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಹಕ್ಕುಪತ್ರ. 1870ರ ದಶಕದಲ್ಲಿ ಡಕೋಟಕ್ಕೆ ಬರತೊಡಗಿದವರು ಮುಂದಿನ ದಶಕದಲ್ಲಿ ಉತ್ತರಕ್ಕೆ ಹಬ್ಬಿದರು. ಉತ್ತರ ಡಕೋಟದಲ್ಲಿ ಇಂದಿಗೂ ಸ್ಟ್ರಾಸ್‌ಬರ್ಗ್ ಇದೆ, ಸೆಲ್ಟ್ಸ್ ಇದೆ, ಕಾರ್ಲ್ಸ್‌ರೂಹೆ ಇದೆ. ಒಂದೇ ಹೆಸರನ್ನು ಎರಡು ಸಲ ಹೆಗಲ ಮೇಲೆ ಹೊತ್ತು ತಂದ ಜನ.

ಆ ಭೂಮಿ ಖಾಲಿಯಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಎಮನ್ಸ್ ಕೌಂಟಿಯ ಪಶ್ಚಿಮದ ಗಡಿ ಮಿಸೌರಿ ನದಿ. ನದಿಯ ಆಚೆ ದಡದಲ್ಲಿ ಸ್ಟ್ಯಾಂಡಿಂಗ್ ರಾಕ್ ಇದೆ, ಡಕೋಟ ಮತ್ತು ಲಕೋಟ ಜನರನ್ನು ಕೂಡಿಹಾಕಿದ ಮೀಸಲು ಪ್ರದೇಶ. 1890ರ ಡಿಸೆಂಬರ್ 15ರಂದು ಅವರ ನಾಯಕ ಸಿಟ್ಟಿಂಗ್ ಬುಲ್ ಕೊಲ್ಲಲ್ಪಟ್ಟದ್ದು ಅಲ್ಲಿಯೇ. ಈ ದಡದಲ್ಲಿ ಹೊಸಬರು ಮಣ್ಣಿನ ಗೋಡೆ ಎಬ್ಬಿಸುತ್ತಿದ್ದ ದಿನಗಳಲ್ಲಿಯೇ ಆ ದಡದಲ್ಲಿ ಹಳಬರ ಬದುಕು ಮುಗಿಯುತ್ತಿತ್ತು. ಗೋರಿಯ ಮುಂದೆ ತಲೆ ಬಾಗುವಾಗ ನನಗೆ ಎರಡೂ ದಡ ನೆನಪಾಗುತ್ತವೆ, ನಿಮಗೂ ನೆನಪಾಗಲಿ.

ಬಂದವರ ಬದುಕಾದರೂ ಸುಲಭವಿರಲಿಲ್ಲ. ಸೌದೆಗೆ ಮರವಿಲ್ಲದ ಬಯಲು. ಕರಿಸಮುದ್ರದ ಬಯಲಿನಲ್ಲಿ ಕಲಿತ ಉಪಾಯವನ್ನೇ ಇಲ್ಲಿಯೂ ಮಾಡಿದರು. ಕೊಟ್ಟಿಗೆಯ ಸಗಣಿಗೆ ಹುಲ್ಲು ಸೇರಿಸಿ ತುಳಿದು, ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಟ್ಟಿಟ್ಟು ಚಳಿಗಾಲವಿಡೀ ಉರಿಸಿದರು. ಅದನ್ನು ಅವರು ಮಿಸ್ಟ್ ಎಂದು ಕರೆಯುತ್ತಿದ್ದರು. ನಮ್ಮ ಅವ್ವ ಅದನ್ನು ಕುಳ್ಳು ಎನ್ನುತ್ತಾಳೆ. ನಾನು ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಹೆಣ್ಣುಮಕ್ಕಳ ಕೈಯೂ ನಮ್ಮ ಕೈಯಂತೆಯೇ ಇದ್ದಿರಬೇಕು" ಎಂದಳು. ಚಳಿಗಾಲದಲ್ಲಿ ಸತ್ತವರನ್ನು ನೆಲ ಕರಗುವವರೆಗೆ ಕೊಟ್ಟಿಗೆಯಲ್ಲೋ ಕಣಜದಲ್ಲೋ ಇರಿಸುತ್ತಿದ್ದರಂತೆ. ಎಂಬತ್ತು ದಿನ ಕಾದ ನಮಗೆ ಆ ಮಾತು ಓದಿದಾಗ ಏನಾಯಿತೆಂದು ಬರೆಯಲು ಬರುವುದಿಲ್ಲ.

ನಾನು ನಿಂತಿದ್ದ ಸ್ಮಶಾನದ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಏಳು ಚಿಕ್ಕ ಶಿಲುಬೆಗಳು ಒಂದೇ ಸಾಲಿನಲ್ಲಿವೆ. ಒಂದೇ ಮನೆಯ ಮಕ್ಕಳೋ, ಬೇರೆ ಬೇರೆ ಮನೆಯವರೋ, ಗಂಟಲಮಾರಿಯೋ ಬೇರೆ ಯಾವ ಜ್ವರವೋ, ತಿಳಿಯುವ ದಾರಿಯಿಲ್ಲ. ಏಕೆಂದರೆ ಈ ಶಿಲುಬೆಗಳಲ್ಲಿ ಹೆಸರನ್ನು ಕಬ್ಬಿಣದಲ್ಲಿ ಕೊರೆದಿರಲಿಲ್ಲ. ನಡುವೆ ಒಂದು ತಗಡು ಕೂರಿಸಿ ಅದರ ಮೇಲೆ ಬಣ್ಣದಿಂದ ಬರೆದಿದ್ದರು. ಶಿಲುಬೆ ನೂರು ವರ್ಷ ತಡೆದಿದೆ, ಬಣ್ಣ ತಡೆದಿಲ್ಲ. ಏಳರಲ್ಲಿ ಐದು ತಗಡುಗಳು ಬೋಳು. ಆರನೆಯದರಲ್ಲಿ ಜರ್ಮನ್ ಭಾಷೆಯಲ್ಲಿ "ಇಲ್ಲಿ ವಿಶ್ರಮಿಸಿದ್ದಾಳೆ" ಎಂಬ ಒಂದು ಸಾಲು ಉಳಿದಿದೆ, ಹೆಸರು ಹೋಗಿದೆ. ಏಳನೆಯದರಲ್ಲಿ 1898 ಎಂಬ ಇಸವಿ ಇದೆ.

ಈ ಚರ್ಚ್‌ಗಳು ಏಕೆ ಪಾಳು ಬಿದ್ದವು ಎಂಬುದಕ್ಕೆ ದೊಡ್ಡ ದುರಂತವೊಂದನ್ನು ಹುಡುಕಬೇಕಾಗಿಲ್ಲ. ಕುದುರೆಗಾಡಿಯಲ್ಲಿ ಹೋಗಿ ಬರುವಷ್ಟು ದೂರಕ್ಕೊಂದು ಚರ್ಚ್ ಕಟ್ಟಿಕೊಂಡಿದ್ದರು. ಕಾರು ಬಂದ ಮೇಲೆ ಪಟ್ಟಣದ ಚರ್ಚ್ ಹತ್ತಿರವಾಯಿತು. 1930ರ ದಶಕದ ಬರಗಾಲ ಮತ್ತು ಧೂಳಿನ ಬಿರುಗಾಳಿಗಳಲ್ಲಿ ಎಷ್ಟೋ ಮನೆಗಳು ಎದ್ದುಹೋದವು. ಟ್ರ್ಯಾಕ್ಟರ್ ಬಂದು ಹತ್ತು ಮನೆಯ ಹೊಲವನ್ನು ಒಂದು ಮನೆ ಉಳುವಂತಾಯಿತು. ಇಡೀ ರಾಜ್ಯದ ಜನಸಂಖ್ಯೆ 1930ರಲ್ಲಿ 6,80,845 ಇದ್ದದ್ದು 1970ರಲ್ಲಿ 6,17,761ಕ್ಕೆ ಇಳಿಯಿತು. ಮ್ಯಾಕಿಂಟಾಶ್ ಕೌಂಟಿಯಲ್ಲಿ 1930ರಲ್ಲಿ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಜನರಿದ್ದರು, 2020ರ ಜನಗಣತಿಯಲ್ಲಿ 2,530. ಪಾದ್ರಿಗಳು ಬರುವುದು ನಿಂತಿತು, ಕಟ್ಟಡ ಬಿತ್ತು ಅಥವಾ ಮಾರಾಟವಾಯಿತು. ಗೋರಿಗಳನ್ನು ಮಾರಲು ಬರುವುದಿಲ್ಲವಾದ್ದರಿಂದ ಅವು ಉಳಿದವು.

ಭಾಷೆಯ ಕಥೆ ಬೇರೆ. ಇಂದಿನ ದಕ್ಷಿಣ ಡಕೋಟದ ಯಾಂಕ್ಟನ್ ಪಟ್ಟಣದಲ್ಲಿ 1874ರಲ್ಲಿ ಆರಂಭವಾದ 'ಡಕೋಟ ಫ್ರಾಯೆ ಪ್ರೆಸ್ಸೆ' ಎಂಬ ಜರ್ಮನ್ ಪತ್ರಿಕೆ ಈ ಜನರ ಅಂಚೆಪೆಟ್ಟಿಗೆಯಂತಿತ್ತು. ಕರಿಸಮುದ್ರದ ಊರುಗಳಲ್ಲಿ ಉಳಿದ ಅಣ್ಣತಮ್ಮಂದಿರ ಪತ್ರಗಳು ಅದರಲ್ಲಿ ಅಚ್ಚಾಗುತ್ತಿದ್ದವು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದ ಮೇಲೆ ಜರ್ಮನ್ ಮಾತನಾಡುವುದೇ ಅನುಮಾನಕ್ಕೆ ಕಾರಣವಾಯಿತು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತರು, ಮೊಮ್ಮಕ್ಕಳು ಅಜ್ಜಿಯ ಮಾತನ್ನು ಅರ್ಥಮಾಡಿಕೊಂಡರು, ಮರಿಮಕ್ಕಳಿಗೆ ಅದೂ ಇಲ್ಲ. ಇದೇ ಎಮನ್ಸ್ ಕೌಂಟಿಯಲ್ಲಿ 1903ರಲ್ಲಿ ಹುಟ್ಟಿ ಅಮೆರಿಕದ ಮನೆಮನೆಗೆ ಟೆಲಿವಿಷನ್ ಮೂಲಕ ಪರಿಚಿತನಾದ ಸಂಗೀತಗಾರ ಲಾರೆನ್ಸ್ ವೆಲ್ಕ್ ಮನೆಯಲ್ಲಿ ಆಡುತ್ತಿದ್ದದ್ದು ಜರ್ಮನ್ನೇ, ಅವನ ಇಂಗ್ಲಿಷಿನಲ್ಲಿ ಆ ಎಳೆ ಕೊನೆಯವರೆಗೂ ಉಳಿಯಿತು. ಮಾತಿನಲ್ಲಿ ಅಂತಹ ಕುರುಹು ಕೂಡ ಈಗ ಅಪರೂಪ. ಇತ್ತ ಕರಿಸಮುದ್ರದಲ್ಲಿ ಉಳಿದವರಿಗೆ ಬರಗಾಲದ ಮೇಲೆ ಬರಗಾಲ ಬಂತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅಳಿದುಳಿದವರನ್ನು ಪಶ್ಚಿಮಕ್ಕೆ ಸಾಗಿಸಿತು. ಯುದ್ಧ ಮುಗಿದ ಮೇಲೆ ಅವರಲ್ಲಿ ಹಲವರನ್ನು ಸೋವಿಯೆತ್ ಸರ್ಕಾರ ಸೈಬೀರಿಯ, ಕಜಾಕಿಸ್ತಾನಗಳಿಗೆ ಅಟ್ಟಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಊರುಗಳಲ್ಲಿ ಆ ಜನರಿಲ್ಲ. ಈ ಬಯಲಿನ ತುಕ್ಕು ಹಿಡಿದ ಶಿಲುಬೆಗಳಲ್ಲಿ ಅವರ ಕೈಕಸುಬು ಉಳಿದಿದೆ.

ಈ ಮಾತನ್ನು ನಮ್ಮ ಕೂಟದ ಒಂದು ಸಭೆಯಲ್ಲಿ ತೆಗೆದಾಗ ಹಿರಿಯರೊಬ್ಬರು ಕೇಳಿದರು: "ಅವರ ಗೋರಿ ನಮಗೇಕೆ? ಅವರ ಮೊಮ್ಮಕ್ಕಳಿಲ್ಲವೇ?" ನ್ಯಾಯವಾದ ಪ್ರಶ್ನೆ. ಮೊಮ್ಮಕ್ಕಳಿದ್ದಾರೆ, ಅವರು ಕೈಕಟ್ಟಿಯೂ ಕುಳಿತಿಲ್ಲ. ಬಿಸ್ಮಾರ್ಕ್‌ನಲ್ಲಿ 1971ರಿಂದ ಅವರದೊಂದು ಪರಂಪರೆ ಸಂಸ್ಥೆಯಿದೆ. ಫಾರ್ಗೋದ ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರಷ್ಯಾದ ಜರ್ಮನರ ಪತ್ರ, ಫೋಟೋ, ದಾಖಲೆಗಳ ದೊಡ್ಡ ಸಂಗ್ರಹವಿದೆ. 1989ರಲ್ಲಿ ಸ್ಟ್ರಾಸ್‌ಬರ್ಗ್ ಬಳಿಯ ಟಿರ್ಸ್‌ಬೋಲ್, ಇದೇ ರಾಜ್ಯದ ಹೇಗ್ ಎಂಬ ಊರಿನ ಸೇಂಟ್ ಮೇರಿ ಮೊದಲಾದ ಕಬ್ಬಿಣದ ಶಿಲುಬೆಯ ಸ್ಮಶಾನಗಳು ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿದವು. ಯಾರೂ ನೋಡಿಕೊಳ್ಳದ ಸ್ಮಶಾನಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹುಲ್ಲು ಕೊಯ್ಯಿಸುವ ಹೊಣೆಯನ್ನು ರಾಜ್ಯದ ಕಾನೂನು ಕೌಂಟಿ ಆಡಳಿತಕ್ಕೆ ವಹಿಸಿದೆ. ಆದರೆ ಎರಡೂವರೆ ಸಾವಿರ ಜನರ ಕೌಂಟಿಯಲ್ಲಿ ಹುಲ್ಲು ಕೊಯ್ಯಲು ಕೈಗಳು ಸಿಕ್ಕರೂ, ಮಾಸಿದ ತಗಡಿನ ಮುಂದೆ ಮಂಡಿಯೂರಿ ಅಕ್ಷರ ಬಿಡಿಸಲು ಕೈಗಳು ಸಿಗುವುದಿಲ್ಲ. ಕೊರತೆ ಇರುವುದು ಅಲ್ಲಿ.

ನಮ್ಮ ಸೀಮೆಯಲ್ಲಿ ಶವಸಂಸ್ಕಾರಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಮದುವೆಗೆ ಕರೆಯದಿದ್ದರೆ ಹೋಗುವುದಿಲ್ಲ, ಮಣ್ಣಿಗೆ ಕರೆಯಲಿ ಎಂದು ಯಾರೂ ಕಾಯುವುದಿಲ್ಲ. ಬದುವಿನ ಜಗಳಕ್ಕೆ ಹತ್ತು ವರ್ಷ ಮಾತು ಬಿಟ್ಟವರೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಆ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಇವರು ನಮ್ಮ ನೆರೆಯವರು, ಇವರ ಮಣ್ಣಿಗೆ ಹೋಗುವುದು ನಮ್ಮಿಂದ ತಡವಾಗಿದೆ.

ಇನ್ನೊಂದು ಋಣವೂ ಇದೆ. ಮ್ಯಾಕಿಂಟಾಶ್ ಕೌಂಟಿಯ ಪ್ರಾಟೆಸ್ಟೆಂಟ್ ಸ್ಮಶಾನಗಳಲ್ಲಿ ಮಲಗಿರುವ ಅನೇಕರ ಮೂಲ ವ್ಯೂರ್ಟೆಂಬರ್ಗ್. ಅವರ ಮುತ್ತಜ್ಜರು ಪೂರ್ವಕ್ಕೆ ಹೊರಟ ಕಾಲದಲ್ಲಿಯೇ, ಅದೇ ಸೀಮೆಯ ಪಯಟಿಸ್ಟ್ ಎಂಬ ಅದೇ ಕ್ರೈಸ್ತ ಭಕ್ತಿಪಂಥದ ಮನೆಗಳಿಂದ ಬೇರೆ ತರುಣರು ಬಾಸೆಲ್ ಮಿಷನ್ ಎಂಬ ಧರ್ಮಪ್ರಚಾರ ಸಂಸ್ಥೆ ಸೇರಿ, 1834ರಿಂದ ಮಂಗಳೂರಿಗೆ ಬರತೊಡಗಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವ್ಯೂರ್ಟೆಂಬರ್ಗಿನ ಬ್ರಾಕನ್‌ಹೈಮ್‌ನವನು. ಅವನ ಜೊತೆಗಾರರಲ್ಲಿ ಕೆಲವರು ಕನ್ನಡ ನಾಡಿನ ಮಣ್ಣಿನಲ್ಲಿಯೇ ಉಳಿದಿದ್ದಾರೆ. ಅವರ ಗೋರಿಗಳ ಕಳೆ ಕಿತ್ತವರು ಕನ್ನಡದ ಜನ. ಅದೇ ಕೆಲಸವನ್ನು ಅದೇ ಸೀಮೆಯ ಜನರಿಗೆ ಇಲ್ಲಿ ಮಾಡುವುದರಲ್ಲಿ ಹೊಸತೇನೂ ಇಲ್ಲ.

ಉತ್ತರ ಡಕೋಟದ ಪಶ್ಚಿಮದಲ್ಲಿ ರಾಸ್ ಎಂಬ ಊರಿನ ಬಳಿ ಸಿರಿಯಾದಿಂದ ಬಂದ ಮುಸ್ಲಿಂ ರೈತರು 1929ರಲ್ಲಿ ಕಟ್ಟಿದ ಮಸೀದಿಯೊಂದಿತ್ತು. ಮಕ್ಕಳು ಚದುರಿದರು, 1970ರ ದಶಕದಲ್ಲಿ ಅದನ್ನು ಕೆಡವಿದರು. ಸ್ಮಶಾನ ಉಳಿಯಿತು. 2005ರಲ್ಲಿ ಅಲ್ಲಿ ಮತ್ತೊಂದು ಪುಟ್ಟ ಮಸೀದಿ ಎದ್ದಿತು. ಆ ಗೋರಿಗಳನ್ನೂ ಒಮ್ಮೆ ನೋಡಿ ಬರಬೇಕೆಂಬುದು ನನ್ನ ಆಸೆ.

ಈಗ ನನ್ನ ಕೋರಿಕೆ. ಪ್ರತಿ ಕೂಟವೂ ವರ್ಷಕ್ಕೆ ಒಂದು ಶನಿವಾರವನ್ನು ತನ್ನ ರಾಜ್ಯದ ಇಂತಹ ಒಂದು ಪಾಳು ಸ್ಮಶಾನಕ್ಕೆ ಮೀಸಲಿಡಲಿ. ಮಿನಸೋಟ, ನೆಬ್ರಾಸ್ಕ, ಕಾನ್ಸಸ್, ಎಲ್ಲಿಯೂ ಇವು ಇವೆ. ಕೆಲವು ನಾರ್ವೆಯವರದು, ಕೆಲವು ಚೆಕ್ ಜನರದು. ಮೊದಲು ಕೌಂಟಿ ಕಚೇರಿಯಲ್ಲಿ, ಚರ್ಚ್‌ನ ಆಡಳಿತದಲ್ಲಿ ಮತ್ತು ಸುತ್ತಲಿನ ಹೊಲದ ಮಾಲೀಕರಲ್ಲಿ ಅನುಮತಿ ಕೇಳಬೇಕು. ಪ್ರತಿ ಶಿಲುಬೆಯ, ಪ್ರತಿ ಕಲ್ಲಿನ ಫೋಟೋ ತೆಗೆಯಬೇಕು. ಮಾಸಿದ ಅಕ್ಷರಗಳ ಮೇಲೆ ಒಂದು ಬದಿಯಿಂದ ಕನ್ನಡಿ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ಮಾಡಿದರೆ, ಬರಿಗಣ್ಣಿಗೆ ಕಾಣದ್ದು ಎಷ್ಟೋ ಸಲ ಎದ್ದು ಕಾಣುತ್ತದೆ. ತಂತಿಯ ಬ್ರಷ್, ಆಸಿಡ್, ಬ್ಲೀಚ್, ಸೀಮೆಸುಣ್ಣ ಯಾವುದನ್ನೂ ಮುಟ್ಟಿಸಬಾರದು. ಒಳ್ಳೆಯ ಮನಸ್ಸಿನಿಂದ ಹೊಸ ಬಣ್ಣ ಬಳಿಯುವುದೂ ಬೇಡ, ಉಳಿದ ಒಂದಕ್ಷರವೂ ಅದರ ಕೆಳಗೆ ಹೂತುಹೋಗುತ್ತದೆ. ಓದಿದ್ದನ್ನು ಓದಿದಂತೆಯೇ ಬರೆದು, ಓದಲಾಗದ್ದನ್ನು ಓದಲಾಗಲಿಲ್ಲವೆಂದೇ ಬರೆದು, ಒಂದು ಪ್ರತಿಯನ್ನು ಕೌಂಟಿಗೂ ಇನ್ನೊಂದನ್ನು ಆ ಸಮುದಾಯದ ಸಂಗ್ರಹಾಲಯಕ್ಕೂ ಕೊಡಬೇಕು. ಜರ್ಮನ್ ಗೊತ್ತಿಲ್ಲವೆಂದು ಹಿಂಜರಿಯಬೇಡಿ, ಫೋಟೋ ಇದ್ದರೆ ಓದುವವರು ಮುಂದೆ ಎಂದಾದರೂ ಸಿಗುತ್ತಾರೆ.

ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಕನ್ನಡ ಕಲಿ ತರಗತಿಗಳಲ್ಲಿ ಅಕ್ಷರ ಏಕೆ ಕಲಿಯಬೇಕೆಂದು ಕೇಳುವ ಮಕ್ಕಳಿಗೆ ನಾವು ಕೊಡುವ ಉತ್ತರಗಳು ಅವರ ಕಿವಿಗೆ ತಾಗುವುದಿಲ್ಲ. ನನ್ನ ಮಗಳು ಆ ಏಳು ಶಿಲುಬೆಗಳ ಮುಂದೆ ಕುಳಿತು, ಬೋಳು ತಗಡನ್ನು ಬೆರಳಿನಿಂದ ಸವರಿ, ಹಿಂತಿರುಗುವಾಗ ಕಾರಿನಲ್ಲಿ ಅಜ್ಜನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಹೇಗೆಂದು ತಾನಾಗಿಯೇ ಕೇಳಿದಳು. ಒತ್ತಕ್ಷರದ ಕಡೆ ಎರಡು ಸಲ ತಪ್ಪಿದಳು.

ಜೊತೆಗೆ ನಮ್ಮದೇ ಒಂದು ಪುಸ್ತಕವನ್ನೂ ಆರಂಭಿಸೋಣ. ಈ ದೇಶದ ಮಣ್ಣಿಗೆ ಸೇರಿದ ಕನ್ನಡಿಗರಿದ್ದಾರೆ: ಲಿಂಗಾಯತರು, ಕ್ರೈಸ್ತರು, ಮುಸ್ಲಿಮರು. ನದಿಯಲ್ಲೋ ಸರೋವರದಲ್ಲೋ ಬೂದಿಯಾಗಿ ಬೆರೆತವರೂ ಇದ್ದಾರೆ. ಯಾರು, ಯಾವ ಊರಿನವರು, ಯಾವ ಸ್ಮಶಾನದ ಯಾವ ಸಾಲಿನಲ್ಲಿ, ಕಲ್ಲಿನ ಮೇಲೆ ಏನು ಬರೆದಿದೆ ಎಂಬುದನ್ನು ಕುಟುಂಬದವರ ಒಪ್ಪಿಗೆ ಪಡೆದು ಪ್ರತಿ ಕೂಟವೂ ದಾಖಲಿಸಿಡಲಿ. ಕಲ್ಲಿನ ಮೇಲೆ ಕನ್ನಡವಿರಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿಯೂ ಹೆಸರು ಮತ್ತು ಊರು ಇರಲಿ. ಅಪ್ಪನ ಕಲ್ಲಿಗೆ ನಾನು ಇಂಗ್ಲಿಷ್ ಹಾಕಿಸಿರಲಿಲ್ಲ, ಅದು ಬೇಡವೆಂಬುದು ಆಗಿನ ನನ್ನ ಹಟ. ಈ ಮೇ ತಿಂಗಳಲ್ಲಿ ಅದನ್ನೂ ಸೇರಿಸುತ್ತಿದ್ದೇನೆ. ಅವ್ವ ಒಪ್ಪಿದ್ದಾಳೆ.

ಉತ್ತರ ಡಕೋಟದಲ್ಲಿ ಮೊದಲ ಶನಿವಾರಕ್ಕೆ ಜೂನ್ ತಿಂಗಳ ಎರಡನೆಯ ವಾರವನ್ನು ಗುರುತಿಸಿಕೊಂಡಿದ್ದೇನೆ. ಹುಲ್ಲು ಎತ್ತರಕ್ಕೆ ಬೆಳೆಯುವ ಮೊದಲು ಹೋದರೆ ಕೆಲಸ ಸುಲಭ. ಜಾಗದ ವಿಳಾಸವನ್ನು ಬರುವವರಿಗೆ ಮಾತ್ರ ತಿಳಿಸುತ್ತೇನೆ. ಉದ್ದ ತೋಳಿನ ಅಂಗಿ, ಚಪ್ಪಲಿಯಲ್ಲದೆ ಮುಚ್ಚಿದ ಬೂಟು, ಟೋಪಿ, ಕುಡಿಯುವ ನೀರು ತನ್ನಿ. ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ, ಮನೆಗೆ ಹೋದ ಮೇಲೆ ಮಕ್ಕಳ ಕಾಲು ಮತ್ತು ಕತ್ತು ನೋಡಿಕೊಳ್ಳಬೇಕು. ಹತ್ತಿರದಲ್ಲಿ ಹೋಟೆಲ್ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನವನ್ನು ಅವ್ವ ಕಟ್ಟಿಕೊಡುತ್ತಾಳೆ. ಅವಳೂ ಬರುತ್ತಾಳೆ.

ನಿಮ್ಮ ಉತ್ತರಕ್ಕೆ ಕಾಯುವ,
ಫಾರ್ಗೋದ ಒಬ್ಬ ಕನ್ನಡಿಗ